ಬೆಂಕಿಪುರದ ಸರ್ಕಾರಿ ಕುಲುಮೆ

1923ರ ಜನವರಿ 18ರಂದು ಭದ್ರಾ ನದಿಯ ದಂಡೆಯ ಬೆಂಕಿಪುರದಲ್ಲಿ, ಅಂದರೆ ಈಗಿನ ಭದ್ರಾವತಿಯಲ್ಲಿ, ಮೈಸೂರು ಸರ್ಕಾರದ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತು. ಆಗ ಅದರ ಪೂರ್ತಿ ಹೆಸರು ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್. ಆ ಹೊತ್ತಿಗೆ ಸಾಕ್ಚಿಯಲ್ಲಿ ಟಾಟಾ ಕಂಪನಿ ಉಕ್ಕು ತೆಗೆಯಲು ತೊಡಗಿ ಹತ್ತು ವರ್ಷ ದಾಟಿತ್ತು. ಆದರೆ ಅದು ಷೇರುದಾರರ ಹಣದಿಂದ ಎದ್ದ ಖಾಸಗಿ ಕಂಪನಿ, ಅದರ ಆಸುಪಾಸಿನಲ್ಲೇ ಕಲ್ಲಿದ್ದಲು ಇತ್ತು. ಬೆಂಕಿಪುರದಲ್ಲಿ ಹಣ ಹಾಕಿದ್ದು ಒಂದು ಸಣ್ಣ ಸಂಸ್ಥಾನದ ಖಜಾನೆ, ಉರಿಸಲು ಇದ್ದದ್ದು ಮಲೆನಾಡಿನ ಸೌದೆ. ಸರ್ಕಾರವೇ ಮಾಲೀಕನಾಗಿ, ಸರ್ಕಾರವೇ ವ್ಯಾಪಾರಿಯಾಗಿ, ಲಾಭನಷ್ಟದ ಲೆಕ್ಕವನ್ನು ಪ್ರಜೆಗಳ ಮುಂದೆ ಇಡಬೇಕಾದ ಸ್ಥಿತಿ ನಮ್ಮ ದೇಶದಲ್ಲಿ ಇಷ್ಟು ದೊಡ್ಡ ಪ್ರಮಾಣದಲ್ಲಿ ಹುಟ್ಟಿದ ಮೊದಲ ಜಾಗಗಳಲ್ಲಿ ಇದೂ ಒಂದು. ಭದ್ರಾವತಿಯ ಚರಿತ್ರೆಯನ್ನು ಬರೆಯುವವರು ಯಂತ್ರಗಳ ಕಥೆಯನ್ನು ಹೇಳುತ್ತಾರೆ, ಸರ್ ಎಂ. ವಿಶ್ವೇಶ್ವರಯ್ಯನವರ ಮಹಿಮೆಯನ್ನು ಹೇಳುತ್ತಾರೆ. ನನ್ನ ಮಟ್ಟಿಗೆ ಇದು ಮೊದಲಿಗೆ ಆಡಳಿತದ ಕಥೆ. ಕಾರ್ಖಾನೆಯ ಬಗ್ಗೆ ತೀರ್ಮಾನ ಮಾಡುವವರು ಅದರ ಕುಲುಮೆಯಿಂದ ಎಷ್ಟು ದೂರದಲ್ಲಿದ್ದರು ಎಂಬುದನ್ನು ಹಿಡಿದು ನೋಡಿದರೆ ಈ ನೂರು ವರ್ಷಗಳ ಏಳುಬೀಳು ಬಹುಮಟ್ಟಿಗೆ ಅರ್ಥವಾಗುತ್ತದೆ.

ಆರಂಭ 1911ರಲ್ಲಿ. ಆಗ ಮುಖ್ಯ ಎಂಜಿನಿಯರ್ ಆಗಿದ್ದ ವಿಶ್ವೇಶ್ವರಯ್ಯನವರ ಒತ್ತಾಸೆಯಿಂದ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರು ಸಂಪದಭ್ಯುದಯ ಸಮಾಜವನ್ನು ತೆರೆದರು. ಕೃಷಿ, ಕೈಗಾರಿಕೆ, ವಿದ್ಯಾಭ್ಯಾಸ ಎಂದು ಸಮಿತಿಗಳನ್ನು ಮಾಡಿಕೊಂಡು, ಅಧಿಕಾರಿಗಳನ್ನೂ ಊರಿನ ವರ್ತಕರನ್ನೂ ಒಟ್ಟಿಗೆ ಕೂರಿಸಿ, ನಾಡಿನಲ್ಲಿ ಏನಿದೆ, ಅದರಿಂದ ಏನು ಮಾಡಬಹುದು ಎಂದು ಪಟ್ಟಿ ಹಾಕಿದ ಕೂಟ ಅದು. 1912ರಲ್ಲಿ ವಿಶ್ವೇಶ್ವರಯ್ಯ ದಿವಾನರಾದ ಮೇಲೆ ಆ ಪಟ್ಟಿಯಿಂದ ಒಂದೊಂದೇ ಕೆಲಸ ಹೊರಬಂತು: 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ವಿಶ್ವವಿದ್ಯಾನಿಲಯ, ಅದೇ ವರ್ಷ ಬೆಂಗಳೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ. ಕಬ್ಬಿಣದ ಕಾರ್ಖಾನೆ ಈ ಸಾಲಿನಲ್ಲೆಲ್ಲ ದೊಡ್ಡದು, ಎಲ್ಲಕ್ಕಿಂತ ಹೆಚ್ಚು ಹಣ ಬೇಡುವಂಥದ್ದು, ಎಲ್ಲಕ್ಕಿಂತ ಹೆಚ್ಚು ಅಪಾಯದ್ದು.

ಜಾಗದ ಆಯ್ಕೆಗೆ ಕಾರಣಗಳು ಸ್ಪಷ್ಟವಾಗಿದ್ದವು. ಬಾಬಾಬುಡನ್‌ಗಿರಿ ಸಾಲಿನ ಕೆಮ್ಮಣ್ಣುಗುಂಡಿಯಲ್ಲಿ ಒಳ್ಳೆಯ ಅದಿರು ಇತ್ತು. ಅದಿರಿನೊಡನೆ ಬೇಕಾದ ಸುಣ್ಣಕಲ್ಲು ಭಂಡಿಗುಡ್ಡದಲ್ಲಿ ಸಿಗುತ್ತಿತ್ತು. ಶಿವಮೊಗ್ಗ ಸೀಮೆಯ ಕುಂಸಿಯಲ್ಲಿ ಮ್ಯಾಂಗನೀಸ್ ಇತ್ತು. ವರ್ಷವಿಡೀ ಹರಿಯುವ ಭದ್ರೆ ಪಕ್ಕದಲ್ಲೇ ಇದ್ದಳು. ಬೀರೂರಿನಿಂದ ಶಿವಮೊಗ್ಗಕ್ಕೆ ಹಾಕಿದ್ದ ರೈಲುಹಳಿ ಬೆಂಕಿಪುರವನ್ನು ಮುಟ್ಟಿಯೇ ಹೋಗುತ್ತಿತ್ತು. ಇಲ್ಲದ್ದು ಒಂದೇ, ಕಲ್ಲಿದ್ದಲು. ಬಂಗಾಳ ಬಿಹಾರಗಳ ಗಣಿಗಳಿಂದ ಅದನ್ನು ತರಿಸಿದರೆ ಸಾಗಣೆಯ ಖರ್ಚಿನಲ್ಲೇ ಕಾರ್ಖಾನೆ ಮುಳುಗುತ್ತಿತ್ತು. ಹಾಗಾಗಿ ಇದ್ದಿಲಿನಿಂದಲೇ ಕಬ್ಬಿಣ ಕರಗಿಸುವ ಯೋಜನೆ ಬಂತು. ಟಾಟಾ ಕಾರ್ಖಾನೆಗೂ ಸಲಹೆ ಕೊಟ್ಟಿದ್ದ ನ್ಯೂಯಾರ್ಕಿನ ತಜ್ಞ ಸಿ.ಪಿ. ಪೆರಿನ್ ಅವರನ್ನು ಕರೆಸಿ ಪರಿಶೀಲನೆ ನಡೆಸಿದರು. ಸೌದೆಯನ್ನು ಗೂಡುಗಳಲ್ಲಿ ಸುಮ್ಮನೆ ಸುಟ್ಟು ಹೊಗೆಯನ್ನು ಗಾಳಿಗೆ ಬಿಡುವ ಬದಲು, ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ, ಹೊಗೆಯನ್ನೂ ಹಿಡಿದು ತಣಿಸಿ ಮರದ ಸ್ಪಿರಿಟ್ಟು, ಸುಣ್ಣದ ಅಸಿಟೇಟು, ಟಾರು ತೆಗೆದು ಮಾರುವುದು ಎಂಬ ಲೆಕ್ಕಾಚಾರ ಇದರೊಳಗಿತ್ತು. ಕಾರ್ಖಾನೆಯ ಹೆಸರಿನಲ್ಲಿ ಕಬ್ಬಿಣಕ್ಕಿಂತ ಮುಂಚೆ ಮರ ಬಂದದ್ದು ಇದಕ್ಕೇ.

ಕೆಮ್ಮಣ್ಣುಗುಂಡಿಯಿಂದ ಅದಿರನ್ನು ಇಳಿಸುವುದು ಸುಲಭದ ಮಾತಾಗಿರಲಿಲ್ಲ. ಬೆಟ್ಟದ ನೆತ್ತಿಯಿಂದ ತಣಿಗೆಬೈಲಿನವರೆಗೆ ತೂಗುಹಗ್ಗದ ದಾರಿ ಹಾಕಿ, ತೊಟ್ಟಿಲುಗಳಲ್ಲಿ ಅದಿರು ತುಂಬಿ ಕಣಿವೆಯ ಮೇಲಿಂದ ಹಾಯಿಸಿದರು. ಅಲ್ಲಿಂದ ಮುಂದೆ ಟ್ರಾಮ್ ಹಳಿ. ಕಾಡಿನೊಳಗಿನಿಂದ ಸೌದೆ ತರಲೂ ಸಣ್ಣ ಹಳಿಗಳೇ. ಈ ಇಡೀ ಜಾಲವನ್ನು ಕಟ್ಟಿ ನಡೆಸಿದ್ದು ಒಂದೇ ಸರ್ಕಾರ ಎಂಬುದನ್ನು ಗಮನಿಸಬೇಕು. ಅರಣ್ಯವೂ ಅದರದೇ, ಗಣಿಯೂ ಅದರದೇ, ಹಳಿಯೂ ಅದರದೇ, ಕುಲುಮೆಯೂ ಅದರದೇ. ಅರಣ್ಯ ಇಲಾಖೆಗೂ ಕಾರ್ಖಾನೆಗೂ ಸೌದೆಯ ದರದ ಬಗ್ಗೆ ತಕರಾರು ಎದ್ದರೆ ಅದು ದಿವಾನರ ಕಚೇರಿಯಲ್ಲಿ ಬಗೆಹರಿಯಬಹುದಿತ್ತು. ಕಚ್ಚಾಮಾಲು ಮತ್ತು ಕಾರ್ಖಾನೆ ಒಂದೇ ಛಾವಣಿಯ ಕೆಳಗಿದ್ದ ಆ ಕಾಲವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದೆ ಏನು ತಪ್ಪಿತು ಎಂಬುದು ತಿಳಿಯುತ್ತದೆ.

ಹಾಗೆಂದು ಆ ಸರ್ಕಾರದ ಕೈಗಳು ಪೂರ್ತಿ ಬಿಚ್ಚಿರಲಿಲ್ಲ. ಮೈಸೂರು ವರ್ಷಕ್ಕೆ 35 ಲಕ್ಷ ರೂಪಾಯಿಯನ್ನು ಪೊಗದಿಯಾಗಿ ಬ್ರಿಟಿಷರಿಗೆ ಕಟ್ಟುತ್ತಿತ್ತು. ಆಮದು ಸುಂಕ ಹಾಕುವ ಹಕ್ಕು ಅದಕ್ಕಿರಲಿಲ್ಲ. ತನ್ನದೇ ಬಂದರು ಇರಲಿಲ್ಲ. 1924ರಲ್ಲಿ ಬ್ರಿಟಿಷ್ ಭಾರತದ ಸರ್ಕಾರ ಉಕ್ಕಿನ ಉದ್ಯಮಕ್ಕೆ ಸುಂಕದ ರಕ್ಷಣೆ ಕೊಟ್ಟಾಗ ಅದು ಮುಖ್ಯವಾಗಿ ಟಾಟಾ ಕಂಪನಿಗೆ ಆಸರೆಯಾಯಿತು. ಭದ್ರಾವತಿ ಆಗ ಮಾಡುತ್ತಿದ್ದದ್ದು ಬೀಡುಕಬ್ಬಿಣ, ಅದಕ್ಕೆ ಆ ನೆರಳು ಸಿಗಲಿಲ್ಲ. ಒಳಗೆ ಎಲ್ಲ ಅಧಿಕಾರವಿದ್ದೂ ಹೊರಗಿನ ಮಾರುಕಟ್ಟೆಯ ಮೇಲೆ ಯಾವ ಹಿಡಿತವೂ ಇಲ್ಲದ ಸಣ್ಣ ರಾಜ್ಯದ ಪಾಡು ಅದು.

ಕಷ್ಟ ಬೇಗನೆ ಬಂತು. ಯೋಜನೆ ರೂಪುಗೊಂಡದ್ದು ಮೊದಲ ಮಹಾಯುದ್ಧದ ಕಾಲದಲ್ಲಿ. ಆಗ ಕಬ್ಬಿಣದ ಬೆಲೆ ಆಕಾಶದಲ್ಲಿತ್ತು, ಮರದಿಂದ ತೆಗೆದ ರಾಸಾಯನಿಕಗಳಿಗೂ ಬೇಡಿಕೆಯಿತ್ತು. ಯುದ್ಧದಿಂದಾಗಿ ಯಂತ್ರಗಳು ಬರುವುದು ತಡವಾಯಿತು, ಖರ್ಚು ಅಂದಾಜನ್ನು ಮೀರಿ ಬೆಳೆಯಿತು. 1918ರ ಕೊನೆಗೆ ವಿಶ್ವೇಶ್ವರಯ್ಯ ದಿವಾನಗಿರಿ ಬಿಟ್ಟರು. ಕಾಂತರಾಜ ಅರಸರ ಕಾಲ ಕಳೆದು ಆಲ್ಬಿಯನ್ ಬ್ಯಾನರ್ಜಿ ದಿವಾನರಾಗಿದ್ದಾಗ ಕುಲುಮೆಗೆ ಬೆಂಕಿ ಬಿತ್ತು. ದಿನಕ್ಕೆ 60 ಟನ್ನಿನ ಆ ಕುಲುಮೆಯಿಂದ ಕಬ್ಬಿಣ ಇಳಿಯತೊಡಗಿದಾಗ ಬೆಲೆ ಬಿದ್ದುಹೋಗಿತ್ತು. ಅಮೆರಿಕದ ಮಾರುಕಟ್ಟೆಯನ್ನು ನಂಬಿ ಮಾಡಿದ ಲೆಕ್ಕ ಕೈಕೊಟ್ಟಿತು. ದಸರೆಯ ಹೊತ್ತಿಗೆ ಮೈಸೂರಿನಲ್ಲಿ ಸೇರುತ್ತಿದ್ದ ಪ್ರಜಾಪ್ರತಿನಿಧಿ ಸಭೆಯಲ್ಲಿ ಸದಸ್ಯರು ಕಾರ್ಖಾನೆಯ ನಷ್ಟದ ಬಗ್ಗೆ ಎದ್ದು ಕೇಳಿದರು. ಬಿಳಿಯಾನೆ ಎಂಬ ಮಾತು ಬಂತು. ಮಾರಿಬಿಡಿ, ಮುಚ್ಚಿಬಿಡಿ ಎಂಬ ಸಲಹೆಗಳೂ ಬಂದವು.

ಈ ಸಭೆಯ ಬಗ್ಗೆ ಸ್ವಲ್ಪ ಹೇಳಲೇಬೇಕು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ತೆರೆದ ಪ್ರಜಾಪ್ರತಿನಿಧಿ ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಆದರೆ ದಿವಾನರು ಪ್ರತಿ ವರ್ಷ ಅದರ ಮುಂದೆ ನಿಂತು ಸಂಸ್ಥಾನದ ಜಮಾಖರ್ಚನ್ನೂ ಇಲಾಖೆಗಳ ಕೆಲಸವನ್ನೂ ಓದಿ ಹೇಳಬೇಕಿತ್ತು. ಕಾರ್ಖಾನೆ ಆರಂಭವಾದ ಮೇಲೆ ಆ ಭಾಷಣಗಳಲ್ಲಿ ಭದ್ರಾವತಿಯ ಹೆಸರು ತಪ್ಪದೆ ಬರತೊಡಗಿತು. ಎಷ್ಟು ಕಬ್ಬಿಣ ಬಂತು, ಎಷ್ಟು ಮಾರಾಟವಾಯಿತು, ಖಜಾನೆ ಎಷ್ಟು ಕೊಟ್ಟಿತು ಎಂಬುದನ್ನು ತಾಲ್ಲೂಕುಗಳಿಂದ ಬಂದ ಪಟೇಲರು, ವರ್ತಕರು, ವಕೀಲರು ಕೇಳಿಸಿಕೊಂಡರು, ಪ್ರಶ್ನೆ ಹಾಕಿದರು. ಮಹಾರಾಜರ ಆಳ್ವಿಕೆಯಲ್ಲಿ ಪ್ರಜಾಪ್ರಭುತ್ವ ಇತ್ತೆಂದು ನಾನು ಹೇಳುತ್ತಿಲ್ಲ. ಒಂದು ಸರ್ಕಾರಿ ಕಾರ್ಖಾನೆಯ ಲೆಕ್ಕ ವರ್ಷಕ್ಕೊಮ್ಮೆ ಜನರ ಕಿವಿಗೆ ಬೀಳುವ ಪದ್ಧತಿ ಇತ್ತು, ಅಷ್ಟೇ. ಅದು ಸಣ್ಣ ವಿಷಯವಲ್ಲ.

ಮುಚ್ಚುವ ಬದಲು ಮೈಸೂರು ಸರ್ಕಾರ 1923ರಲ್ಲಿ ಒಂದು ಆಡಳಿತ ಮಂಡಲಿಯನ್ನು ರಚಿಸಿ, ನಿವೃತ್ತರಾಗಿದ್ದ ವಿಶ್ವೇಶ್ವರಯ್ಯನವರನ್ನು ಅದರ ಅಧ್ಯಕ್ಷರಾಗಲು ಕೇಳಿತು. ಅವರು ಒಪ್ಪಿ 1929ರವರೆಗೆ ಆ ಹೊಣೆ ಹೊತ್ತರು. ಈ ಏರ್ಪಾಡಿನ ಗುಣ ಏನೆಂದರೆ, ಮಾಲೀಕತ್ವ ಸರ್ಕಾರದ ಬಳಿಯೇ ಉಳಿಯಿತು, ದಿನದಿನದ ತೀರ್ಮಾನಗಳು ಮಾತ್ರ ಸಚಿವಾಲಯದ ಕಡತಗಳಿಂದ ಹೊರಬಂದವು. ದೊಡ್ಡ ಸಂಬಳದ ಅಮೆರಿಕನ್ ತಜ್ಞರ ಜಾಗಕ್ಕೆ ಮೈಸೂರಿನ ಎಂಜಿನಿಯರುಗಳನ್ನು ತರಬೇತು ಕೊಟ್ಟು ತಂದರು. ಪ್ರತಿ ಟನ್ನಿಗೆ ಸೌದೆ ಎಷ್ಟು, ಅದಿರು ಎಷ್ಟು, ಕೂಲಿ ಎಷ್ಟು ಎಂದು ಖರ್ಚನ್ನು ಬಿಡಿಸಿ ನೋಡುವ ಶಿಸ್ತು ಬಂತು. ಕಾರ್ಖಾನೆ ಲಾಭಕ್ಕೆ ಬರುವವರೆಗೆ ತಮಗೆ ಸಂಬಳ ಬೇಡವೆಂದಿದ್ದ ವಿಶ್ವೇಶ್ವರಯ್ಯ, ಮುಂದೆ ಸರ್ಕಾರ ಬಾಕಿ ಕೊಡಲು ಬಂದಾಗ ಆ ಹಣದಿಂದ ಹುಡುಗರಿಗೆ ಕಸುಬು ಕಲಿಸುವ ಶಾಲೆ ಮಾಡಿ ಎಂದರೆಂದೂ, ಬೆಂಗಳೂರಿನ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಹಾಗೆ ಹುಟ್ಟಿತೆಂದೂ ಭದ್ರಾವತಿಯಲ್ಲಿ ಇವತ್ತಿಗೂ ಹೇಳುತ್ತಾರೆ. ಆ ತ್ಯಾಗಕ್ಕಿಂತ ನನಗೆ ಆ ಖರ್ಚಿನ ಪಟ್ಟಿಗಳೇ ಹೆಚ್ಚು ಮುಖ್ಯವೆನಿಸುತ್ತವೆ. ತ್ಯಾಗ ಒಬ್ಬ ಮನುಷ್ಯನ ಗುಣ, ಅವನೊಡನೆ ಹೋಗುತ್ತದೆ. ಲೆಕ್ಕದ ಪದ್ಧತಿ ಸಂಸ್ಥೆಯಲ್ಲಿ ಉಳಿಯುತ್ತದೆ.

ಆ ಮೇಲಿನ ಮೂವತ್ತು ವರ್ಷಗಳೇ ಭದ್ರಾವತಿಯ ನಿಜವಾದ ಚರಿತ್ರೆ ಎಂದು ನಾನು ತಿಳಿದಿದ್ದೇನೆ. ಒಂದೊಂದು ತೊಂದರೆಯಿಂದಲೂ ಒಂದೊಂದು ಹೊಸ ವಿಭಾಗ ಹುಟ್ಟಿತು. ಬೀಡುಕಬ್ಬಿಣಕ್ಕೆ ಹೊರದೇಶದಲ್ಲಿ ಬೆಲೆ ಸಿಗದಿದ್ದಾಗ ಅದನ್ನು ಇಲ್ಲೇ ಎರಕ ಹೊಯ್ದು ಪೈಪು ಮಾಡುವ ಫೌಂಡ್ರಿ ಬಂತು. ಊರೂರಿಗೆ ನಲ್ಲಿ ನೀರು ಕೊಡುವ ಯೋಜನೆಗಳು ಶುರುವಾಗಿದ್ದ ಕಾಲ ಅದು, ನೆಲದಡಿ ಹೂಳಲು ಕೊಳವೆ ಬೇಕಿತ್ತು. 1930ರ ಸುಮಾರಿನ ಜಾಗತಿಕ ಕುಸಿತದಲ್ಲಿ ಬೀಡುಕಬ್ಬಿಣದ ಮಾರುಕಟ್ಟೆ ಇನ್ನಷ್ಟು ಕುಗ್ಗಿದಾಗ ಉಕ್ಕಿಗೆ ಹೋಗುವುದೊಂದೇ ದಾರಿ ಎಂದಾಯಿತು. 1930ರ ದಶಕದ ನಡುವೆ ಉಕ್ಕಿನ ಕುಲುಮೆಯೂ ಸಲಾಕೆ ಎಳೆಯುವ ರೋಲಿಂಗ್ ಮಿಲ್ಲೂ ಬಂದವು. ಕಬ್ಬಿಣ ಕರಗಿಸಿದಾಗ ಮೇಲೆ ತೇಲುವ ಕಿಟ್ಟವನ್ನು ಎಲ್ಲಿ ಸುರಿಯುವುದು ಎಂಬ ಪ್ರಶ್ನೆಗೆ 1938ರ ಸಿಮೆಂಟ್ ಕಾರ್ಖಾನೆ ಉತ್ತರವಾಯಿತು. ಸುಣ್ಣಕಲ್ಲು ಹೇಗೂ ಹತ್ತಿರದಲ್ಲೇ ಇತ್ತು, ಕಿಟ್ಟ ಬಿಟ್ಟಿಯಾಗಿ ಸಿಗುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಆಮದು ನಿಂತು ಉಕ್ಕಿಗೆ ಬೆರೆಸುವ ಫೆರೊಸಿಲಿಕಾನ್ ಸಿಗದಾದಾಗ 1942ರಲ್ಲಿ ಅದನ್ನೂ ಇಲ್ಲೇ ತಯಾರಿಸತೊಡಗಿದರು.

ಇದ್ದಿಲಿನ ಸಮಸ್ಯೆ ಮಾತ್ರ ವರ್ಷ ವರ್ಷಕ್ಕೆ ಬಿಗಿಯಾಯಿತು. ಹತ್ತಿರದ ಕಾಡು ತೀರಿದಂತೆ ಸೌದೆ ದೂರದಿಂದ ಬರಬೇಕಾಯಿತು, ಖರ್ಚು ಏರಿತು. ಆಗ ಜೋಗದ ಕಡೆ ಕಣ್ಣು ಹೋಯಿತು. ಶರಾವತಿಯ ನೀರಿನಿಂದ ವಿದ್ಯುತ್ ತೆಗೆಯುವ ಕೇಂದ್ರ 1948ರಲ್ಲಿ ಆರಂಭವಾಯಿತು, ಮಹಾತ್ಮ ಗಾಂಧಿ ಜಲವಿದ್ಯುತ್ ಕೇಂದ್ರವೆಂದು ಹೆಸರಾಯಿತು. ಆ ವಿದ್ಯುತ್ತಿನ ಬಲದಿಂದ 1950ರ ದಶಕದಲ್ಲಿ ಭದ್ರಾವತಿಯಲ್ಲಿ ವಿದ್ಯುತ್ ಕುಲುಮೆಗಳು ಬಂದವು. ಶಾಖಕ್ಕೆ ಕರೆಂಟು ಬಂದದ್ದರಿಂದ ಇದ್ದಿಲಿನ ಹಸಿವು ಇಳಿಯಿತು. ಒಂದೇ ಜಿಲ್ಲೆಯ ಒಂದು ತುದಿಯಲ್ಲಿ ನೀರು ಬಿದ್ದು ಹುಟ್ಟಿದ ಶಕ್ತಿ ಇನ್ನೊಂದು ತುದಿಯಲ್ಲಿ ಅದಿರನ್ನು ಕರಗಿಸಿತು. ಇಲಾಖೆಗಳು ಒಂದರ ಕೈ ಒಂದು ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಭಾಗದಲ್ಲಿ ನನಗೆ ಕಾಣುವುದಿಲ್ಲ.

ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ 1926ರಿಂದ 1941ರ ಅವಧಿಯಲ್ಲಿ ಸರ್ಕಾರ ಇನ್ನೊಂದು ಬಗೆಯ ಪ್ರಯೋಗಕ್ಕೂ ಕೈಹಾಕಿತು. ಎಲ್ಲ ಹಣವನ್ನೂ ಖಜಾನೆಯೇ ಹಾಕುವ ಬದಲು ಕೂಡುಬಂಡವಾಳದ ಕಂಪನಿ ಮಾಡಿ, ಸರ್ಕಾರ ಅದರಲ್ಲಿ ಪಾಲು ತೆಗೆದುಕೊಂಡು, ಉಳಿದ ಷೇರುಗಳನ್ನು ಜನರಿಗೆ ಬಿಡುವುದು. ಮಂಡ್ಯದ ಸಕ್ಕರೆ ಕಂಪನಿ 1933ರಲ್ಲಿ ಹಾಗೆ ಬಂತು. ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್ 1936ರಲ್ಲಿ ಬಂತು. ಒಂದೇ ಊರಿನಲ್ಲಿ, ಒಂದೇ ನದಿಯ ದಂಡೆಯಲ್ಲಿ ಎರಡು ಕಾರ್ಖಾನೆಗಳು: ಕಬ್ಬಿಣದ್ದು ಇಲಾಖೆಯಂತೆ ನಡೆಯಿತು, ಕಾಗದದ್ದು ಕಂಪನಿಯಾಗಿ ಷೇರುದಾರರಿಗೆ ಉತ್ತರ ಹೇಳುತ್ತಾ ನಡೆಯಿತು. ಮಲೆನಾಡಿನ ಬಿದಿರು ಕಾಗದವಾಗಿ ಶಾಲೆಯ ಮಕ್ಕಳ ನೋಟುಪುಸ್ತಕಕ್ಕೂ ಸರ್ಕಾರಿ ಕಚೇರಿಯ ಕಡತಕ್ಕೂ ಹೋಯಿತು. 1977ರಲ್ಲಿ ಪೇಪರ್ ಮಿಲ್ಸ್ ಸರ್ಕಾರಿ ಕಂಪನಿಯಾಯಿತು. 1981ರಲ್ಲಿ ಪತ್ರಿಕಾ ಕಾಗದದ ತಯಾರಿಕೆ ಶುರುವಾಯಿತು, ಕೆಲವು ವರ್ಷಗಳ ನಂತರ ಸಕ್ಕರೆ ಘಟಕವೂ ಸೇರಿತು. ಬೆಳಗಿನ ದಿನಪತ್ರಿಕೆ ಅಚ್ಚಾಗುತ್ತಿದ್ದ ಕಾಗದ ನಮ್ಮೂರಿನದಾಗಿತ್ತೆಂಬ ಹೆಮ್ಮೆ ಎಂಪಿಎಂ ಕಾರ್ಮಿಕರ ಮಾತಿನಲ್ಲಿ ಇಂದಿಗೂ ಇದೆ.

ಎರಡು ಕಾರ್ಖಾನೆಗಳು ಊರನ್ನೇ ಮರುಕಟ್ಟಿದವು. ಹೊಯ್ಸಳರ ಲಕ್ಷ್ಮೀನರಸಿಂಹ ದೇವಸ್ಥಾನ ಇರುವ ಹಳೇನಗರ ನದಿಯ ಒಂದು ಕಡೆ ಇದ್ದಂತೆಯೇ ಇತ್ತು. ಕಬ್ಬಿಣದ ಕಾರ್ಖಾನೆಯ ಸುತ್ತ ನ್ಯೂಟೌನ್ ಎದ್ದಿತು, ಕಾಗದದ ಕಾರ್ಖಾನೆಯ ಸುತ್ತ ಪೇಪರ್‌ಟೌನ್. ಕ್ವಾರ್ಟರ್ಸು, ಆಸ್ಪತ್ರೆ, ಶಾಲೆ, ಆಟದ ಮೈದಾನ, ನೀರು, ಬೀದಿದೀಪ ಎಲ್ಲವನ್ನೂ ಕಾರ್ಖಾನೆಯೇ ನೋಡಿಕೊಂಡಿತು. ಅಂದರೆ ಒಂದೇ ಊರಿನಲ್ಲಿ ಎರಡು ಬಗೆಯ ಪೌರಾಡಳಿತ. ಒಂದು ಕಡೆ ಕಂದಾಯ ಕೊಟ್ಟು ಪುರಸಭೆಯ ಬಾಗಿಲು ತಟ್ಟುವ ನಾಗರಿಕ, ಇನ್ನೊಂದು ಕಡೆ ನಲ್ಲಿ ಕೆಟ್ಟರೆ ಕಾರ್ಖಾನೆಯ ಟೌನ್‌ಶಿಪ್ ಕಚೇರಿಗೆ ಹೇಳುವ ಕಾರ್ಮಿಕ. ಕಾರ್ಖಾನೆ ಚೆನ್ನಾಗಿದ್ದಷ್ಟು ಕಾಲ ಎರಡನೆಯವನ ಬದುಕು ಸುಸೂತ್ರವಾಗಿತ್ತು. ಕಾರ್ಖಾನೆಗೆ ಜ್ವರ ಬಂದಾಗ ಅವನ ಮನೆಯ ಸೂರೂ ಸೋರತೊಡಗಿತು, ದೂರು ಕೊಡಲು ವಾರ್ಡಿನ ಸದಸ್ಯನೂ ಅವನಿಗೆ ಹತ್ತಿರದವನಾಗಿರಲಿಲ್ಲ. ಕಂಪನಿಯ ಊರುಗಳ ಈ ದೌರ್ಬಲ್ಯವನ್ನು ನಾವು ತಡವಾಗಿ ಕಂಡುಕೊಂಡೆವು.

ಕೆಲಸ ಅರಸಿ ಬಂದವರಲ್ಲಿ ಸುತ್ತಲ ಹಳ್ಳಿಗಳ ಕನ್ನಡಿಗರೊಡನೆ ತಮಿಳು, ತೆಲುಗು, ಉರ್ದು, ಮಲಯಾಳ, ಮರಾಠಿ ಮನೆಮಾತಿನವರೂ ಇದ್ದರು. ಪಾಳಿ ಬದಲಾಗುವ ಸೈರನ್ನಿಗೆ ಊರು ತನ್ನ ಗಡಿಯಾರ ಹೊಂದಿಸಿಕೊಂಡಿತ್ತು. ಒಳ್ಳೆಯ ದಿನಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಕಬ್ಬಿಣದ ಕಾರ್ಖಾನೆಯೊಂದರಲ್ಲೇ ದುಡಿಯುತ್ತಿದ್ದರು. ಕಾರ್ಖಾನೆಯ ಊರು ಕ್ರಿಕೆಟ್ಟಿಗೆ ಜಿ.ಆರ್. ವಿಶ್ವನಾಥ್ ಅವರನ್ನು ಕೊಟ್ಟಿತು, ಕನ್ನಡ ಸಿನಿಮಾಕ್ಕೆ ಇದೇ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ದೊಡ್ಡಣ್ಣನವರನ್ನು ಕೊಟ್ಟಿತು. 1965ರಲ್ಲಿ ಆಕಾಶವಾಣಿ ಮಲೆನಾಡಿಗೆ ಒಂದು ಕೇಂದ್ರ ತೆರೆದಾಗ ಅದು ಜಿಲ್ಲಾ ಕೇಂದ್ರದಲ್ಲಿ ಅಲ್ಲ, ಭದ್ರಾವತಿಯಲ್ಲಿ ಬಂತು. ಶಿವಮೊಗ್ಗ ಆಡಳಿತದ ಊರು, ಅಡಿಕೆ ಮಂಡಿಯ ಊರು, ಕಾಲೇಜುಗಳ ಊರು. ಭದ್ರಾವತಿ ದುಡಿಮೆಯ ಊರು. ಎರಡರ ನಡುವೆ ಇಪ್ಪತ್ತು ಕಿಲೋಮೀಟರೂ ಇಲ್ಲ. ಕಾರ್ಖಾನೆಯ ಸಂಬಳದ ದಿನ ಶಿವಮೊಗ್ಗದ ಗಾಂಧಿ ಬಜಾರಿನ ಅಂಗಡಿಗಳಿಗೂ ಗೊತ್ತಾಗುತ್ತಿತ್ತು.

ಇದೆಲ್ಲಕ್ಕೆ ತೆತ್ತ ಬೆಲೆಯನ್ನೂ ಇಲ್ಲೇ ದಾಖಲಿಸುವುದು ನ್ಯಾಯ. ಇದ್ದಿಲಿಗೆ ಹೋದ ಮರ ಮಲೆನಾಡಿನ ಸಹಜ ಕಾಡಿನ ಮರ. ಕುಲುಮೆ ಉರಿದ ದಶಕಗಳಲ್ಲಿ ಶಿವಮೊಗ್ಗ, ಕಡೂರು (ಈಗಿನ ಚಿಕ್ಕಮಗಳೂರು) ಜಿಲ್ಲೆಗಳ ಬೆಟ್ಟಗಳು ಬೋಳಾದವು. ಕಾಗದಕ್ಕಾಗಿ ಬಿದಿರು ಹೋಯಿತು, ಆಮೇಲೆ ಅದರ ಜಾಗದಲ್ಲಿ ನೀಲಗಿರಿ, ಅಕೇಶಿಯಾ ನೆಡುತೋಪುಗಳು ಬಂದವು. ದನ ಮೇಯದ, ಹಕ್ಕಿ ಕೂರದ, ಊರವರಿಗೆ ಸೊಪ್ಪು ದರಕು ಸಿಗದ ಆ ತೋಪುಗಳ ವಿರುದ್ಧ ಮಲೆನಾಡಿನವರು ಹೇಳಿದ್ದು ಹೊಟ್ಟೆಕಿಚ್ಚಿನ ಮಾತಲ್ಲ. ಕಾಗದದ ಕಾರ್ಖಾನೆ ನಿಂತು ಸುಮಾರು ಐದು ವರ್ಷ ಕಳೆದ ಮೇಲೂ, 2020ರಲ್ಲಿ, ಎಂಪಿಎಂ ಅರಣ್ಯಭೂಮಿಯ ಗುತ್ತಿಗೆಯನ್ನು ನಲವತ್ತು ವರ್ಷಕ್ಕೆ ಮುಂದುವರಿಸಲು ಹೊರಟಾಗ ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂದು ಜನ ಎದ್ದು ನಿಂತರು. ಕಾರ್ಖಾನೆಯ ಕೊಳೆನೀರು ಭದ್ರೆಗೆ ಸೇರಿ ಕೆಳಗಿನ ಹಳ್ಳಿಗಳವರು ನೀರು ಕೆಟ್ಟಿತೆಂದು ದೂರಿದ್ದೂ ಈ ಚರಿತ್ರೆಯ ಭಾಗವೇ. ಸಂಸ್ಥೆಯ ಸಾಧನೆಯನ್ನು ಕೊಂಡಾಡುವಾಗ ಅದರ ಖರ್ಚಿನ ಪಟ್ಟಿಯಲ್ಲಿ ಕಾಡು ಮತ್ತು ಹೊಳೆ ಎಂಬ ಎರಡು ಸಾಲುಗಳನ್ನು ಬಿಟ್ಟರೆ ಆ ಲೆಕ್ಕ ಸುಳ್ಳಾಗುತ್ತದೆ.

ಸ್ವಾತಂತ್ರ್ಯ ಬಂದ ಮೇಲೆ ಮಾಲೀಕತ್ವ ಮೆಲ್ಲಮೆಲ್ಲನೆ ದೂರ ಸರಿಯಿತು. 1962ರಲ್ಲಿ ಇಲಾಖೆಯ ಕಾರ್ಖಾನೆ ಎಂಐಎಸ್‌ಎಲ್ ಎಂಬ ಕಂಪನಿಯಾಯಿತು, ಕೇಂದ್ರ ಸರ್ಕಾರವೂ ಪಾಲುದಾರನಾಯಿತು. ಮಿಶ್ರಲೋಹದ ಉಕ್ಕು, ವಿಶೇಷ ಉಕ್ಕು ತಯಾರಿಸುವತ್ತ ಕಂಪನಿ ಹೊರಳಿತು. ಭಿಲಾಯಿ, ರೂರ್ಕೆಲಾಗಳಂಥ ಭಾರೀ ಕಾರ್ಖಾನೆಗಳೊಡನೆ ಸಾದಾ ಉಕ್ಕಿನಲ್ಲಿ ಪೈಪೋಟಿ ನಡೆಸಲು ಆಗದೆಂಬ ತಿಳಿವಳಿಕೆಯಿಂದ ಮಾಡಿದ ಸರಿಯಾದ ಆಯ್ಕೆ ಅದು. 1970ರ ದಶಕದ ನಡುವೆ ಸಂಸ್ಥೆಗೆ ವಿಶ್ವೇಶ್ವರಯ್ಯನವರ ಹೆಸರಿಟ್ಟರು, ಎಂಐಎಸ್‌ಎಲ್ ವಿಐಎಸ್‌ಎಲ್ ಆಯಿತು. ನಷ್ಟ ಬೆಳೆಯುತ್ತಾ ಹೋದಾಗ 1989ರಲ್ಲಿ ಅದು ಭಾರತೀಯ ಉಕ್ಕು ಪ್ರಾಧಿಕಾರದ, ಎಲ್ಲರೂ ಸೈಲ್ ಎನ್ನುವ ಕೇಂದ್ರದ ಸಂಸ್ಥೆಯ, ಅಂಗಸಂಸ್ಥೆಯಾಯಿತು. 1998ರಲ್ಲಿ ಅದರೊಳಗೇ ವಿಲೀನವಾಯಿತು.

ಕೇಂದ್ರದ ದೊಡ್ಡ ಸಂಸ್ಥೆಯ ತೆಕ್ಕೆಗೆ ಹೋದರೆ ಬಂಡವಾಳ ಬರುತ್ತದೆಂದು ಆಗ ಊರು ನಂಬಿತ್ತು. ಆ ನಂಬಿಕೆಯನ್ನು ನಾನು ಹಳಿಯಲಾರೆ, ರಾಜ್ಯ ಸರ್ಕಾರದ ಬಳಿ ಹಣವಿರಲಿಲ್ಲ. ಆದರೆ ಬಲವಾದ ಗಂಟೊಂದು ಆಗ ಬಿಚ್ಚಿತು. ಗಣಿ ಮತ್ತು ಕುಲುಮೆ ಬೇರೆ ಬೇರೆ ಸರ್ಕಾರಗಳ ಪಾಲಾದವು. ಕೆಮ್ಮಣ್ಣುಗುಂಡಿಯ ಗಣಿಗಾರಿಕೆ ನಿಂತಿತು. ಪರಿಸರದ ದೃಷ್ಟಿಯಿಂದ ಅದು ನಿಲ್ಲಬೇಕಾದದ್ದೇ. ಆದರೆ ಅದರ ಬದಲಿಗೆ ಕಾರ್ಖಾನೆಗೆ ಸ್ವಂತದ ಇನ್ನೊಂದು ಗಣಿ ಸಿಗಬೇಕಿತ್ತು. ಸಂಡೂರು ಸೀಮೆಯ ರಾಮನದುರ್ಗದ ಮಾತು ವರ್ಷಗಟ್ಟಲೆ ನಡೆಯಿತು, ಅದಿರು ಮಾತ್ರ ಬರಲಿಲ್ಲ. ಕೋಕ್ ಬಳಸುವ ಹೊಸ ಊದುಕುಲುಮೆ ಬಂದ ಮೇಲೆ ಇಂಧನವೂ ಹೊರಗಿನಿಂದ, ಅದಿರೂ ಹೊರಗಿನಿಂದ ಎಂದಾಯಿತು. ಕಬ್ಬಿಣದ ಅದಿರಿಗೆ ದೇಶದಲ್ಲೇ ಹೆಸರಾದ ರಾಜ್ಯದಲ್ಲಿ, ನೂರು ವರ್ಷದ ಕಬ್ಬಿಣದ ಕಾರ್ಖಾನೆಯೊಂದು ಅದಿರನ್ನು ಪೇಟೆಯ ಬೆಲೆಗೆ ಕೊಂಡು ತರಬೇಕಾಯಿತು. ಗಣಿಯ ಪರವಾನಗಿ ಬೆಂಗಳೂರಿನಲ್ಲಿ, ಬಂಡವಾಳದ ತೀರ್ಮಾನ ದೆಹಲಿಯಲ್ಲಿ, ನಷ್ಟದ ಅಪವಾದ ಭದ್ರಾವತಿಯಲ್ಲಿ. ಅವಿಭಜಿತ ಶಿವಮೊಗ್ಗ ಜಿಲ್ಲೆ ಕಡಿದಾಳ್ ಮಂಜಪ್ಪ, ಎಸ್. ಬಂಗಾರಪ್ಪ, ಜೆ.ಎಚ್. ಪಟೇಲ್, ಬಿ.ಎಸ್. ಯಡಿಯೂರಪ್ಪ ಎಂಬ ನಾಲ್ವರು ಮುಖ್ಯಮಂತ್ರಿಗಳನ್ನು ನಾಡಿಗೆ ಕೊಟ್ಟಿದೆ. ಹಾಗಿದ್ದೂ ಈ ಮೂರು ಎಳೆಗಳನ್ನು ಒಂದು ಕೈಗೆ ತರುವ ವ್ಯವಸ್ಥೆ ಮಾತ್ರ ಆಗಲಿಲ್ಲ. ಒಬ್ಬಿಬ್ಬರ ಮನಸ್ಸಿನ ಕೊರತೆಯೆಂದು ನಾನಿದನ್ನು ಕಾಣುವುದಿಲ್ಲ, ಅಂಥ ವ್ಯವಸ್ಥೆಗೆ ಜಾಗವೇ ಇರಲಿಲ್ಲ.

ಅಂಥ ವ್ಯವಸ್ಥೆಗೆ ಜಾಗ ಮಾಡಿಕೊಂಡ ಸಿಂಗಪುರದ ನೆನಪು ಇಲ್ಲಿ ಬರುತ್ತದೆ. ಅದೂ ಸಣ್ಣದು, ಅದರ ಬಳಿ ಅದಿರೂ ಇರಲಿಲ್ಲ, ಮಲೆನಾಡಿನಂಥ ಕಾಡೂ ಇರಲಿಲ್ಲ, ಭದ್ರೆಯಂಥ ನದಿಯೂ ಇರಲಿಲ್ಲ. 1961ರಲ್ಲಿ ಅಲ್ಲಿನ ಸರ್ಕಾರ ಆರ್ಥಿಕ ಅಭಿವೃದ್ಧಿ ಮಂಡಲಿಯೊಂದನ್ನು ಕಟ್ಟಿತು. ಡಚ್ ಅರ್ಥಶಾಸ್ತ್ರಜ್ಞ ಆಲ್ಬರ್ಟ್ ವಿನ್ಸೆಮಿಯಸ್ ಸಲಹೆಗಾರರಾಗಿದ್ದರು, ಹಣಕಾಸು ಸಚಿವ ಗೋ ಕೆಂಗ್ ಸ್ವೀ ಬೆನ್ನಿಗೆ ನಿಂತಿದ್ದರು. ಜುರೊಂಗ್ ಎಂಬ ಜೌಗುನೆಲವನ್ನು ಕೈಗಾರಿಕಾ ಪ್ರದೇಶ ಮಾಡಹೊರಟಾಗ ಜನ ಅದನ್ನು ಗೋ ಅವರ ಹುಚ್ಚು ಎಂದು ಕರೆದರು, ನಮ್ಮಲ್ಲಿ ಬಿಳಿಯಾನೆ ಎಂದ ಹಾಗೆಯೇ. ಅಲ್ಲಿ ಮೊದಲು ಎದ್ದ ಕಾರ್ಖಾನೆಗಳಲ್ಲಿ ಒಂದು ನ್ಯಾಷನಲ್ ಐರನ್ ಅಂಡ್ ಸ್ಟೀಲ್ ಮಿಲ್ಸ್. ಸರ್ಕಾರ ಪಾಲು ಹೊಂದಿದ್ದ ಕಂಪನಿಗಳನ್ನು 1974ರಲ್ಲಿ ಟೆಮಾಸೆಕ್ ಎಂಬ ಒಡೆತನದ ಕಂಪನಿಗೆ ಒಪ್ಪಿಸಿ, ಮಂತ್ರಾಲಯಗಳು ನೀತಿಯನ್ನು ನೋಡಿಕೊಳ್ಳಲಿ, ವ್ಯಾಪಾರವನ್ನು ವ್ಯಾಪಾರ ಬಲ್ಲವರು ನಡೆಸಲಿ ಎಂದು ಬೇರ್ಪಡಿಸಿದರು. 1923ರ ಮೈಸೂರಿನ ಆಡಳಿತ ಮಂಡಲಿಯ ಹಿಂದೆಯೂ ಇದೇ ಬಗೆಯ ಯೋಚನೆ ಇತ್ತು. ಅವರು ಅದನ್ನು ಬೆಳೆಸಿದರು, ನಾವು ಅದನ್ನು ಮರೆತೆವು. ಸಿಂಗಪುರ ಸ್ವತಂತ್ರ ದೇಶ, ಬಂದರು ಅದರ ಕೈಯಲ್ಲಿ, ಸುಂಕ ಅದರ ಕೈಯಲ್ಲಿ. ಮೈಸೂರಿಗೆ ಆ ಭಾಗ್ಯ ಇರಲಿಲ್ಲ ಎಂಬುದನ್ನು ಒಪ್ಪಿಕೊಂಡೇ ಈ ಹೋಲಿಕೆ ಮಾಡಬೇಕು.

ಕೊನೆಯ ದಶಕದ ಘಟನೆಗಳು ಎಲ್ಲರ ಕಣ್ಣೆದುರು ನಡೆದವು, ಉದ್ದಕ್ಕೆ ಹೇಳಬೇಕಾಗಿಲ್ಲ. 2015ರ ಕೊನೆಗೆ ಎಂಪಿಎಂ ಉತ್ಪಾದನೆ ನಿಂತಿತು. 2016ರಲ್ಲಿ ಸೇಲಂ, ದುರ್ಗಾಪುರದ ಘಟಕಗಳೊಡನೆ ಭದ್ರಾವತಿಯನ್ನೂ ಮಾರುವ ತೀರ್ಮಾನಕ್ಕೆ ಕೇಂದ್ರ ತಾತ್ವಿಕ ಒಪ್ಪಿಗೆ ಕೊಟ್ಟಿತು. 2019ರಲ್ಲಿ ಕೊಳ್ಳುವವರನ್ನು ಆಹ್ವಾನಿಸಿದರು. ಕೊನೆಗೂ ಮಾರಾಟ ಕೈಗೂಡದೆ, ಕಾರ್ಖಾನೆಗೆ ನೂರು ತುಂಬಿದ 2023ರ ಜನವರಿಯಲ್ಲೇ ಮುಚ್ಚುವ ಸುದ್ದಿ ಬಂತು. ಗೇಟಿನ ಮುಂದೆ ಧರಣಿ ಕೂತವರಲ್ಲಿ ಹೆಚ್ಚಿನವರು ಗುತ್ತಿಗೆ ಕಾರ್ಮಿಕರು, ಸಾವಿರಕ್ಕೂ ಮಿಕ್ಕಿದ್ದರು. ಮಠಗಳು, ವರ್ತಕರು, ಎಲ್ಲ ಪಕ್ಷಗಳವರು, ನಿವೃತ್ತರು ಜೊತೆಗೂಡಿದರು. ಅದೇ ವರ್ಷ ರೋಲಿಂಗ್ ಕೆಲಸ ಭಾಗಶಃ ಮತ್ತೆ ಶುರುವಾದಾಗ ಊರಿಗೆ ಉಸಿರು ಬಂತು. ಊದುಕುಲುಮೆ ತಣ್ಣಗೇ ಉಳಿಯಿತು.

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯಲ್ಲಿ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶ ಸಿಗುತ್ತದೆ. ಶಿವಮೊಗ್ಗ ಸುತ್ತಿನ ಫೌಂಡ್ರಿಗಳು ವಾಹನ ಕಾರ್ಖಾನೆಗಳಿಗೆ ಎರಕದ ಬಿಡಿಭಾಗಗಳನ್ನು ಹೊಯ್ದು ಕೊಡುತ್ತವೆ. ಗಣಿ ದೂರ, ಕಲ್ಲಿದ್ದಲು ಇಲ್ಲ, ಬಂದರು ಘಟ್ಟದಾಚೆ. ಹಾಗಿದ್ದೂ ಎರಕದ ಉದ್ಯಮ ಇಲ್ಲಿ ಬೇರು ಬಿಟ್ಟದ್ದಕ್ಕೆ ಲೋಹ ಬಲ್ಲ ಕೈಗಳು ಈ ನೆಲದಲ್ಲಿ ಮೂರು ತಲೆಮಾರಿನಿಂದ ಇದ್ದದ್ದೇ ದೊಡ್ಡ ಕಾರಣ. ಅಚ್ಚು ಕಟ್ಟುವುದು, ಕರಗಿದ ಕಬ್ಬಿಣದ ಬಣ್ಣ ನೋಡಿ ಹದ ಹೇಳುವುದು, ಲೇತಿನ ಮುಂದೆ ಕೂದಲೆಳೆಯ ಅಳತೆ ಹಿಡಿಯುವುದು, ಇವೆಲ್ಲ ಸರ್ಕಾರಿ ಕುಲುಮೆಯ ಸುತ್ತ ಕಲಿತ ವಿದ್ಯೆ. ಲಾಭನಷ್ಟದ ಪತ್ರಿಕೆಯಲ್ಲಿ ಈ ಆಸ್ತಿಗೆ ಒಂದು ಕಾಲಂ ಎಂದೂ ಇರಲಿಲ್ಲ. ಮಾರಬೇಕೆ, ಮುಚ್ಚಬೇಕೆ ಎಂದು ತೂಗುವವರು ಇದನ್ನು ತಕ್ಕಡಿಗೆ ಹಾಕಲೇ ಇಲ್ಲ.

ಈ ಚರಿತ್ರೆಯಲ್ಲಿ ಆಸಕ್ತಿ ಇರುವವರಲ್ಲಿ ನನ್ನ ಕೋರಿಕೆ ಒಂದಿದೆ. ಆಡಳಿತ ಮಂಡಲಿಯ ನಡಾವಳಿಗಳು, ವಾರ್ಷಿಕ ವರದಿಗಳು, ಟ್ರಾಮ್ ಹಳಿಯ ನಕ್ಷೆಗಳು, ಖರ್ಚಿನ ಪಟ್ಟಿಗಳು, ಕ್ವಾರ್ಟರ್ಸಿನ ಹಂಚಿಕೆ ಪುಸ್ತಕಗಳು, ಕಾರ್ಮಿಕ ಸಂಘಗಳ ಒಪ್ಪಂದಗಳು ಎಲ್ಲೆಲ್ಲಿ ಸಿಕ್ಕರೂ ಒಟ್ಟುಮಾಡಿ, ಪಟ್ಟಿ ಹಾಕಿ, ಒಂದು ಪ್ರತಿಯನ್ನು ರಾಜ್ಯ ಪತ್ರಾಗಾರಕ್ಕೂ ಇನ್ನೊಂದನ್ನು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೂ ಒಪ್ಪಿಸಬೇಕು. ಎಂಪಿಎಂ ಕಾಗದಪತ್ರಗಳಿಗೂ ಇದೇ ಆಗಬೇಕು. ನ್ಯೂಟೌನ್, ಪೇಪರ್‌ಟೌನುಗಳಲ್ಲಿ ಕುಲುಮೆಯ ಮುಂದೆ, ಕಾಗದದ ಯಂತ್ರದ ಮುಂದೆ ದುಡಿದ ಹಿರಿಯರು ಇನ್ನೂ ಇದ್ದಾರೆ. ಅವರ ಮಾತುಗಳನ್ನು ಧ್ವನಿಮುದ್ರಿಸಿ ಇಡಲು ಭದ್ರಾವತಿ ಆಕಾಶವಾಣಿಯೇ ಊರಿನೊಳಗಿದೆ. ಕೆಲಸ ಈ ವರ್ಷವೇ ಶುರುವಾಗಬೇಕು.